ಯಾಯೀರನ ಮಗಳು ನಮ್ಮ ಮನೆಯಲ್ಲೂ ಇದ್ದಾಳೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲಿ ಆಗಸ್ಟ್ 29ರಂದು ಧ್ವಜಾರೋಹಣವಾಗಿ, ನವೇನ ಪ್ರಾರ್ಥನೆಗಳು ನಡೆದು, ಹಬ್ಬದ ದಿನ ತೇರು ಹೊರಡುತ್ತದೆ. ಕರಾವಳಿಯಲ್ಲಿ ಅದೇ ಹಬ್ಬ ಮೊಂತಿ ಫೆಸ್ತ್. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ, ಹೊಸ ತೆನೆ ಆಶೀರ್ವಾದವಾಗಿ ಮನೆಮನೆಗೆ ಹೋಗುತ್ತದೆ. ಭಾರತದ ಧರ್ಮಸಭೆ ಇದೇ ದಿನವನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತದೆ. ಒಂದು ಹೆಣ್ಣುಕೂಸು ಹುಟ್ಟಿತೆಂದು ಊರಿಗೆ ಊರೇ ಸಂಭ್ರಮಪಡುವ ದಿನ ಅದು.

ಆದರೆ ಹೂ ಅರ್ಪಿಸಿದ ಆ ಪುಟ್ಟ ಹುಡುಗಿಯರು ಬೆಳೆಯುತ್ತಾರೆ. ಹನ್ನೆರಡು, ಹದಿನೈದು, ಹದಿನೆಂಟು ತುಂಬುತ್ತದೆ. ಆಗ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವವರು ಯಾರು? ಮಗಳ ಅಂಕಪಟ್ಟಿ ನಮಗೆ ಗೊತ್ತು. ಅವಳು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆಂಬುದು ಗೊತ್ತು. ಅವಳ ಅಳಲು ಗೊತ್ತೇ? ಈ ವಾರ ಈ ಪ್ರಶ್ನೆಯನ್ನು ಹಿಡಿದು ಶುಭಸಂದೇಶದ ಒಂದು ಭಾಗವನ್ನು ನಾವು ಒಟ್ಟಾಗಿ ಧ್ಯಾನಿಸೋಣ.

ನನ್ನದೇ ಒಂದು ತಪ್ಪು

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಕಚೇರಿಯ ಬಾಗಿಲಲ್ಲಿ ಬಂದು ನಿಂತಳು. (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅಲ್ಲಿ ಕೇಳಿದ್ದು ನನ್ನೊಂದಿಗೇ ಮಣ್ಣಾಗುತ್ತದೆ.) "ಫಾದರ್, ಯಾವುದರಲ್ಲೂ ಮನಸ್ಸಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಪ್ರಾರ್ಥನೆಗೆ ಕೂತರೆ ಸುಮ್ಮನೆ ಅಳು ಬರುತ್ತದೆ. ಇದು ಪಾಪವೇ?" ಎಂದು ಕೇಳಿದಳು.

ಹೊರಗೆ ವಾಹನ ಕಾದಿತ್ತು. ಎರಡನೆಯ ಪೂಜೆಗೆ ಉಪಕೇಂದ್ರಕ್ಕೆ ಹೋಗಬೇಕಿತ್ತು. "ಜಪಮಾಲೆ ಬಿಡಬೇಡ ಮಗಳೇ, ಎಲ್ಲ ಸರಿಹೋಗುತ್ತದೆ" ಎಂದು ಆಶೀರ್ವದಿಸಿ ಹೊರಟುಬಿಟ್ಟೆ. ಅವಳು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ.

ಮೂರು ತಿಂಗಳ ಮೇಲೆ ಅವಳು ಆಸ್ಪತ್ರೆಯಲ್ಲಿದ್ದಾಳೆಂದು ತಿಳಿಯಿತು. ಊಟ ಬಿಟ್ಟು ಸೊರಗಿ, ತರಗತಿಯಲ್ಲೇ ಕುಸಿದು ಬಿದ್ದಿದ್ದಳು. ರಕ್ತಹೀನತೆಯೂ ಇದೆ, ಖಿನ್ನತೆಯೂ ಇದೆ ಎಂದು ವೈದ್ಯರು ಹೇಳಿದ್ದರು. ನಾನು ನೋಡಲು ಹೋದಾಗ ಅವಳು ಮೆಲ್ಲಗೆ, "ಜಪಮಾಲೆ ಬಿಟ್ಟಿರಲಿಲ್ಲ ಫಾದರ್" ಎಂದಳು. ದೂರಿದ ಮಾತಲ್ಲ ಅದು. ಆದರೂ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವಳು ಈಗ ಗುಣಮುಖಳಾಗಿ ಕೆಲಸದಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇನೆ.

ಅಂದಿನಿಂದ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು (ಮಾರ್ಕ 5: 21-43) ಓದುವಾಗಲೆಲ್ಲ ನನಗೆ ಅವಳು ನೆನಪಾಗುತ್ತಾಳೆ. ದಯವಿಟ್ಟು ನಿಮ್ಮ ಮನೆಯ ಬೈಬಲ್ ತೆರೆದು ಆ ಭಾಗವನ್ನು ಒಮ್ಮೆ ಓದಿ, ನಂತರ ಮುಂದುವರಿಯಿರಿ. ಪ್ರಾರ್ಥನಾ ಮಂದಿರದ ಅಧಿಕಾರಿ ಯಾಯೀರನ ಹನ್ನೆರಡು ವರ್ಷದ ಮಗಳು ಮರಣಾವಸ್ಥೆಯಲ್ಲಿದ್ದಾಳೆ. ಯೇಸುಸ್ವಾಮಿ ಆ ಮನೆಯಲ್ಲಿ ಏನೇನು ಮಾಡಿದರು? ಒಂದೊಂದನ್ನೇ ಗಮನಿಸಿದರೆ ನಮ್ಮ ಮನೆಗಳಿಗೆ ಆರು ಪಾಠಗಳು ಸಿಗುತ್ತವೆ.

1. ಮಗಳಿಗಾಗಿ ಮೊಣಕಾಲೂರಿದ ತಂದೆ

ಯಾಯೀರ ಸ್ಥಾನಮಾನವುಳ್ಳ ಮನುಷ್ಯ. ಅಂಥವನು ಜನಜಂಗುಳಿಯ ನಡುವೆ ಯೇಸುವಿನ ಪಾದಕ್ಕೆ ಬಿದ್ದು, ತನ್ನ ಪುಟ್ಟ ಮಗಳಿಗಾಗಿ ಅಂಗಲಾಚುತ್ತಾನೆ. 'ನಾಲ್ಕು ಜನ ಏನೆಂದಾರು' ಎಂಬ ಅಳುಕು ಅವನಿಗಿಲ್ಲ. ಗಂಡುಮಗುವಿಗೆ ಹೆಚ್ಚು ಬೆಲೆಯಿದ್ದ ಕಾಲದಲ್ಲಿ ಒಬ್ಬ ತಂದೆ ಹೆಣ್ಣುಮಗಳಿಗಾಗಿ ತನ್ನ ಮಾನವನ್ನೇ ಬದಿಗಿಟ್ಟ.

ನಮ್ಮ ಮನೆಗಳಲ್ಲಿ ಮಗಳು ದೊಡ್ಡವಳಾದಳು ಎಂದ ಕೂಡಲೇ ಎಷ್ಟೋ ತಂದೆಯರು ದೂರ ಸರಿಯುತ್ತಾರೆ. ಮಾತೆಲ್ಲ ತಾಯಿಯ ಮೂಲಕ. "ಅವಳಿಗೆ ಹೇಳು", "ಅವಳನ್ನು ಕೇಳು". ಪ್ರೀತಿಯಿಲ್ಲವೆಂದಲ್ಲ. ಮಗಳ ಶುಲ್ಕ ಕಟ್ಟಲು ಹಗಲಿರುಳು ದುಡಿಯುವ ತಂದೆ ಅವನೇ. ಆದರೆ ಅವಳ ಎದುರು ಐದು ನಿಮಿಷ ಕೂತು, "ಹೇಗಿದ್ದೀಯಮ್ಮಾ?" ಎಂದು ಕೇಳಿ, ಉತ್ತರ ಬರುವ ತನಕ ಕಾಯುವುದು ಅವನಿಗೆ ಕಷ್ಟ. ತಂದೆಯ ಮೌನವನ್ನು ಮಗಳು ಕೋಪವೆಂದು ಓದಿಕೊಳ್ಳುತ್ತಾಳೆ. ತನ್ನ ಕಷ್ಟ ಹೇಳಿದರೆ ಓದು ಬಿಡಿಸಿಯಾರು, ಮದುವೆ ಮಾಡಿಯಾರು ಎಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ತಂದೆಯರೇ, ವಾರಕ್ಕೆ ಒಂದು ಬಾರಿಯಾದರೂ ಮಗಳೊಂದಿಗೆ ಚರ್ಚಿಗೆ ನಡೆದು ಬನ್ನಿ. ದಾರಿಯಲ್ಲಿ ಉಪದೇಶ ಬೇಡ, ಅವಳು ಮಾತಾಡಲಿ.

2. ದಾರಿಯಲ್ಲಿ ಸಿಕ್ಕಿದ ಇನ್ನೊಬ್ಬ ಮಗಳು

ಯಾಯೀರನ ಮನೆಗೆ ಹೋಗುವ ದಾರಿಯಲ್ಲೇ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಸ್ತ್ರೀ ಬರುತ್ತಾಳೆ. ಹುಡುಗಿಯ ವಯಸ್ಸೂ ಹನ್ನೆರಡು, ಈಕೆಯ ಸಂಕಟಕ್ಕೂ ಹನ್ನೆರಡು ವರ್ಷ. ಇವರಿಬ್ಬರ ಕಥೆಯನ್ನು ಮಾರ್ಕನು ಹೆಣೆದೇ ಹೇಳಿದ್ದಾನೆ. ಯಾಜಕಕಾಂಡದ ನಿಯಮದ ಪ್ರಕಾರ ಈಕೆ ಅಶುದ್ಧಳು, ಮುಟ್ಟಬಾರದವಳು. ಆದ್ದರಿಂದಲೇ ಹಿಂದಿನಿಂದ, ಕದ್ದು, ಯೇಸುವಿನ ಉಡುಪನ್ನು ಮುಟ್ಟಿದಳು. ಯೇಸು ಆಕೆಯನ್ನು ಗದರಿಸಲಿಲ್ಲ. 'ಮಗಳೇ' ಎಂದು ಕರೆದರು.

ಹನ್ನೆರಡರ ಆಸುಪಾಸಿನಲ್ಲಿ ನಮ್ಮ ಹುಡುಗಿಯರಿಗೆ ಮೊದಲ ಮುಟ್ಟು ಬರುತ್ತದೆ. ಅದರ ಬಗ್ಗೆ ಯಾರೂ ಮೊದಲೇ ತಿಳಿಸದ ಕಾರಣ, ತನಗೇನೋ ಭಯಂಕರ ರೋಗ ಬಂದಿದೆಯೆಂದು ಅತ್ತ ಹುಡುಗಿಯರು ಎಷ್ಟೋ ಮಂದಿ. 'ಅದನ್ನು ಮುಟ್ಟಬೇಡ, ಇಲ್ಲಿ ಕೂರಬೇಡ' ಎಂಬ ಕಟ್ಟಳೆ ಕೆಲವು ಕ್ರೈಸ್ತ ಮನೆಗಳಲ್ಲೂ ಉಳಿದಿದೆ. "ಆ ದಿನಗಳಲ್ಲಿ ಪರಮಪ್ರಸಾದ ಸ್ವೀಕರಿಸಬಹುದೇ?" ಎಂದು ಇಂದಿಗೂ ಕೇಳುತ್ತಾರೆ. ಧಾರಾಳವಾಗಿ ಸ್ವೀಕರಿಸಬಹುದು. ಇದು ಹೊಸ ಮಾತೂ ಅಲ್ಲ. ಆರನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಧರ್ಮಪ್ರಚಾರಕ ಕ್ಯಾಂಟರ್ಬರಿಯ ಸಂತ ಅಗಸ್ಟಿನರು ಇದೇ ಪ್ರಶ್ನೆ ಕೇಳಿದ್ದರೆಂದೂ, ವಿಶ್ವಗುರು ಮಹಾ ಗ್ರೆಗೋರಿಯವರು ಇಂಥ ದಿನಗಳಲ್ಲಿ ಸ್ತ್ರೀಯರನ್ನು ದೇವಾಲಯದಿಂದಾಗಲಿ ಪರಮಪ್ರಸಾದದಿಂದಾಗಲಿ ತಡೆಯಬಾರದೆಂದು ಉತ್ತರಿಸಿದರೆಂದೂ ಸಂತ ಬೀಡರ ಇತಿಹಾಸ ಗ್ರಂಥದಲ್ಲಿ ದಾಖಲೆಯಿದೆ. ಗ್ರೆಗೋರಿಯವರು ಉದಾಹರಣೆ ಕೊಟ್ಟದ್ದೂ ಈ ಶುಭಸಂದೇಶದ ಸ್ತ್ರೀಯನ್ನೇ. ಸಾವಿರದ ನಾನೂರು ವರ್ಷಗಳ ಹಿಂದೆಯೇ ತೀರ್ಮಾನವಾದುದನ್ನು ಮನೆಯ ಮಗಳಿಗೆ ನಾವು ಇನ್ನೂ ಹೇಳದಿದ್ದರೆ ತಪ್ಪು ಯಾರದು?

ತಾಯಂದಿರೇ, ಹತ್ತು ವರ್ಷ ತುಂಬುವಷ್ಟರಲ್ಲಿ ಮಗಳಿಗೆ ಇದನ್ನು ನಗುಮುಖದಿಂದ ತಿಳಿಸಿ. ಸ್ರಾವ ವಿಪರೀತವಾದರೆ, ನೋವಿನಿಂದ ಶಾಲೆ ತಪ್ಪುವಂತಾದರೆ 'ಹೆಣ್ಣಾದ ಮೇಲೆ ಸಹಿಸಬೇಕು' ಎನ್ನಬೇಡಿ. ವೈದ್ಯರಿಗೆ ತೋರಿಸಿ.

3. ನಗುವವರನ್ನು ಹೊರಗೆ ಕಳುಹಿಸಿದರು

ಮನೆ ತಲುಪಿದಾಗ ಅಲ್ಲಿ ಗದ್ದಲ. ಹುಡುಗಿ ನಿದ್ರಿಸುತ್ತಿದ್ದಾಳೆ ಎಂದು ಯೇಸು ಹೇಳಿದಾಗ ಕೂಡಿದವರು ಗೇಲಿಮಾಡಿ ನಕ್ಕರು. ಆಗ ಯೇಸು ಅವರನ್ನೆಲ್ಲ ಹೊರಗೆ ಕಳುಹಿಸಿದರು. ಗುಣಪಡಿಸುವ ಕೆಲಸ ಅದಾದ ಮೇಲೆಯೇ ಆರಂಭವಾಯಿತು.

ನಮ್ಮ ಹುಡುಗಿಯರ ಸುತ್ತಲೂ ಇಂಥ ನಗು ಬಹಳ. "ಸ್ವಲ್ಪ ಕಪ್ಪಾದಳು ಅಲ್ಲವೇ?" "ದಪ್ಪಗಾಗಿದ್ದಾಳೆ." "ಅಕ್ಕನಷ್ಟು ಬುದ್ಧಿಯಿಲ್ಲ." ಮದುವೆ ಮನೆಯಲ್ಲಿ, ಹಬ್ಬದ ಊಟದಲ್ಲಿ ನೆಂಟರು ಆಡಿ ಮರೆಯುವ ಮಾತು ಹುಡುಗಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಿಳುಪಿನ ಆಸೆ ಹುಟ್ಟಿಸಿ ದಶಕಗಳ ಕಾಲ ಮಾರಾಟವಾದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ 'ಫೇರ್' ಎಂಬ ಪದವನ್ನು ಬಿಟ್ಟು 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಹೆಣ್ಣು ನೋಡಲು ಬರುವವರ ನಾಲಿಗೆ ಬದಲಾಗಲಿಲ್ಲ.

ಹಿಂದೆ ಈ ನಗು ಮನೆಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಈಗ ಮೊಬೈಲ್ ಫೋನಿನೊಂದಿಗೆ ಹಾಸಿಗೆಯ ತನಕ ಬರುತ್ತದೆ. ಗೆಳತಿಯರ ಸುಂದರ ಚಿತ್ರಗಳನ್ನು ರಾತ್ರಿಯಿಡೀ ನೋಡಿ, ತಾನೊಬ್ಬಳೇ ಕುರೂಪಿ, ತಾನೊಬ್ಬಳೇ ಒಂಟಿ ಎಂದುಕೊಳ್ಳುವ ಹುಡುಗಿಗೆ ಆ ಚಿತ್ರಗಳು ಹತ್ತಾರು ಸಲ ತಿದ್ದಿ ತೆಗೆದವು ಎಂದು ಯಾರು ಹೇಳಬೇಕು? ಇನ್ನು ಫೋಟೋ ಇಟ್ಟುಕೊಂಡು, ಇಲ್ಲವೇ ತಿರುಚಿ, ಬೆದರಿಸುವ ದುಷ್ಟರೂ ಇದ್ದಾರೆ. ಅಂಥ ಸಂದರ್ಭದಲ್ಲಿ ಹುಡುಗಿ ಮೊದಲು ಹೆದರುವುದು ಬೆದರಿಸಿದವನಿಗಲ್ಲ, ತನ್ನ ಅಪ್ಪ-ಅಮ್ಮನಿಗೆ. "ಏನೇ ಆಗಲಿ, ಮೊದಲು ನಮಗೆ ಹೇಳು, ನಾವು ನಿನ್ನ ಪಕ್ಷ" ಎಂಬ ಮಾತನ್ನು ಕಷ್ಟ ಬರುವ ಮುಂಚೆಯೇ ಹೇಳಿಟ್ಟಿರಬೇಕು. ಬೆದರಿಸುವವನ ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ತೋರಿಸಬೇಕು.

ಫೋನು ಕಸಿದುಕೊಂಡರೆ ಸಾಲದು. ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲರ ಫೋನುಗಳೂ, ಅಪ್ಪನದೂ ಸೇರಿ, ಒಂದೇ ಬುಟ್ಟಿಗೆ ಬೀಳಲಿ. ಹೆತ್ತವರು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸುವುದಿಲ್ಲ.

4. ಕೈ ಹಿಡಿದು, ಅವಳೊಂದಿಗೇ ಮಾತನಾಡಿದರು

ಯೇಸು ತಂದೆತಾಯಿಯರನ್ನು ಒಳಗೆ ಕರೆದೊಯ್ದರು. ಹುಡುಗಿಯ ಕೈ ಹಿಡಿದರು. ಅವಳ ಬಗ್ಗೆ ಮಾತನಾಡದೆ ಅವಳೊಂದಿಗೇ, ಮನೆಮಾತಾದ ಅರಮಾಯಿಕ್ ಭಾಷೆಯಲ್ಲಿ ಮಾತನಾಡಿದರು. ಏಳು ಎಂದರು. ಅವಳು ತಾನೇ ಎದ್ದು ನಡೆದಾಡಿದಳು.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ಆ ಸ್ಪರ್ಶ ಹೆತ್ತವರ ಎದುರಿಗೇ ನಡೆಯಿತು. ಮಕ್ಕಳನ್ನು ಮುಟ್ಟುವ ಎಲ್ಲ ಕೈಗಳೂ ಹಾಗಿರುವುದಿಲ್ಲ. 18 ವರ್ಷದೊಳಗಿನ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರ ಪೋಕ್ಸೊ ಕಾಯಿದೆ ಇದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂಬುದೂ ಆ ಕಾಯಿದೆಯಲ್ಲಿದೆ. ಮಗಳು ಒಬ್ಬರ ಹೆಸರು ಹೇಳಿ ಅತ್ತರೆ, ಆ ವ್ಯಕ್ತಿ ಮಾವನಾಗಲಿ, ಶಿಕ್ಷಕನಾಗಲಿ, ಉಪದೇಶಿಯಾಗಲಿ, ಧರ್ಮಗುರುವೇ ಆಗಲಿ, ಮೊದಲು ಅವಳನ್ನು ನಂಬಿರಿ. ಧರ್ಮಸಭೆಯ ಮಾನ ಉಳಿಸಲು ಮಗುವಿನ ಬಾಯಿ ಮುಚ್ಚಿಸುವುದು ಧರ್ಮಸಭೆಗೆ ಮಾಡುವ ಸೇವೆಯಲ್ಲ. ವಿಶ್ವಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆಜ್ಞೆಯ ಮೂಲಕ, ಇಂಥ ದೂರು ತಿಳಿದ ಗುರುಗಳೂ ಕನ್ಯಾಸ್ತ್ರೀಯರೂ ಅದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ಕಡ್ಡಾಯಗೊಳಿಸಿದರು.

ಎರಡನೆಯದು, ಅವಳು ತಾನೇ ಎದ್ದಳು. ದೇವರು ಹೆಣ್ಣುಮಗಳಿಗೂ ಸ್ವಂತ ಇಚ್ಛೆಯನ್ನು ಕೊಟ್ಟಿದ್ದಾರೆ. ವಿವಾಹದ ವಿಷಯದಲ್ಲಿ ಇದು ಬಹಳ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ 100ಕ್ಕೆ 23 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 18 ತುಂಬಿದ ಮಾತ್ರಕ್ಕೆ ಬಲವಂತ ಇಲ್ಲವೆಂದೂ ಅಲ್ಲ. ಧರ್ಮಸಭೆಯ ಕಾನೂನು ಸಂಹಿತೆ (1983) ಏನು ಹೇಳುತ್ತದೆ? ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ, ಅದನ್ನು ಬೇರೆ ಯಾವ ಮಾನವ ಶಕ್ತಿಯೂ ತುಂಬಿಕೊಡಲಾರದು (ನಿಯಮ 1057). ಬಲಾತ್ಕಾರ ಅಥವಾ ಹೊರಗಿನಿಂದ ಬಂದ ಗಂಭೀರ ಭಯದಿಂದಾದ ವಿವಾಹ ಅಸಿಂಧು (ನಿಯಮ 1103). ಅಂದರೆ, "ಒಪ್ಪದಿದ್ದರೆ ನಾನು ಸಾಯುತ್ತೇನೆ" ಎಂದು ತಾಯಿ ಹೆದರಿಸಿ ತಾಳಿ ಕಟ್ಟಿಸಿದರೆ, ಹೂವಿನ ಅಲಂಕಾರ, ವಾದ್ಯ, ಊಟ ಎಲ್ಲ ಇದ್ದೂ ಅಲ್ಲಿ ಸಂಸ್ಕಾರವೇ ಇಲ್ಲದಿರಬಹುದು. ವಿವಾಹಕ್ಕೆ ಮುಂಚೆ ಗುರುಗಳು ವಧುವನ್ನು ಪ್ರತ್ಯೇಕವಾಗಿ ಕೂರಿಸಿ ಪ್ರಶ್ನೆ ಕೇಳುವುದು ಇದಕ್ಕಾಗಿಯೇ. ಯುವತಿಯರೇ, ಆ ಕೋಣೆಯಲ್ಲಿ ನೀವು ನಿಜ ಹೇಳಬಹುದು. ಮದುವೆ ಪತ್ರ ಅಚ್ಚಾಗಿದ್ದರೂ ಹೇಳಬಹುದು.

5. ಅವಳಿಗೆ ಊಟ ಕೊಡಿಸಿದರು

ಹುಡುಗಿ ಎದ್ದ ಮೇಲೆ ಎಲ್ಲರೂ ಬೆರಗಾಗಿ ನಿಂತಿದ್ದಾಗ, ಅವಳಿಗೆ ಹಸಿವಾಗಿರಬಹುದು ಎಂದು ನೆನಪಾದದ್ದು ಯೇಸುವಿಗೆ ಮಾತ್ರ. ಏನನ್ನಾದರೂ ತಿನ್ನಲು ಕೊಡಿ ಎಂದು ಹೇಳಿದರು. ಅಷ್ಟು ದೊಡ್ಡ ಅದ್ಭುತದ ನಂತರ ಅಷ್ಟು ಸಣ್ಣ ಮಾತು!

ಇದು ಸಣ್ಣ ಮಾತಲ್ಲ ಎಂದು ಅಂಕಿಅಂಶ ಹೇಳುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ. ಇಬ್ಬರಲ್ಲಿ ಒಬ್ಬಳಿಗಿಂತಲೂ ಹೆಚ್ಚು! ಸುಸ್ತು, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು, ಸುಮ್ಮನೆ ಸಿಡುಕುವುದು ಇವೆಲ್ಲ ರಕ್ತಹೀನತೆಯಿಂದಲೂ ಬರುತ್ತವೆ. ನಾವು ಅದಕ್ಕೆ 'ಸೋಮಾರಿತನ', 'ಸೊಕ್ಕು' ಎಂದು ಹೆಸರಿಡುತ್ತೇವೆ. ಬಡತನದ ಜೊತೆಗೆ ನಮ್ಮ ಪದ್ಧತಿಯೂ ಇದಕ್ಕೆ ಕಾರಣ. ಗಂಡಸರು ಉಂಡ ಮೇಲೆ ಹೆಂಗಸರು, ಮೊಟ್ಟೆ ಒಂದೇ ಇದ್ದರೆ ತಮ್ಮನಿಗೆ. ಸೊಪ್ಪು, ಕಾಳು, ರಾಗಿ, ಮೊಟ್ಟೆ, ಮೀನು ಮಗಳ ತಟ್ಟೆಗೂ ಸಮನಾಗಿ ಬೀಳಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಅವಳು ಎಸೆಯದೆ ನುಂಗಲಿ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ, ಮನುಷ್ಯನೆಂದರೆ ದೇಹದಲ್ಲಿ ಬಂಧಿಯಾದ ಆತ್ಮವಲ್ಲ, ದೇಹ ಮತ್ತು ಆತ್ಮ ಒಂದಾದ ಒಬ್ಬ ವ್ಯಕ್ತಿ ಎಂದು ಸಂತ ತೋಮಸ್ ಅಕ್ವಿನಾಸರಿಂದ ಕಲಿತೆವು. ಅದೇ ಸಂತರು ತಮ್ಮ 'ಸುಮ್ಮಾ ತಿಯೊಲೋಜಿಯೆ' ಗ್ರಂಥದಲ್ಲಿ ದುಃಖಕ್ಕೆ ಪರಿಹಾರಗಳೇನೆಂದು ವಿಚಾರ ಮಾಡುತ್ತಾರೆ. ಅವರು ಹೇಳುವುದು ಐದು: ಸಂತೋಷ ಕೊಡುವ ಸಂಗತಿ, ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಧ್ಯಾನ, ಮತ್ತು ನಿದ್ರೆ ಹಾಗೂ ಸ್ನಾನ. ಧರ್ಮಸಭೆಯ ಮಹಾಪಂಡಿತರೊಬ್ಬರು ಧ್ಯಾನದ ಪಕ್ಕದಲ್ಲೇ ನಿದ್ರೆಯನ್ನೂ ಸ್ನಾನವನ್ನೂ ಇಟ್ಟಿದ್ದಾರೆ! "ಅಳಬೇಡ" ಎಂದು ಅವರು ಹೇಳಲಿಲ್ಲ. ಅಳುವೇ ಒಂದು ಔಷಧಿ ಎಂದರು. ಅಂದು ಆ ಹುಡುಗಿಗೆ ನಾನು ನಾಲ್ಕನೆಯದನ್ನು ಮಾತ್ರ ಕೊಟ್ಟು ಉಳಿದ ನಾಲ್ಕನ್ನು ಮರೆತಿದ್ದೆ.

6. ಯಾರಿಗೂ ಹೇಳಬೇಡಿ ಎಂದರು

ಕೊನೆಯಲ್ಲಿ ಯೇಸು ಈ ವಿಷಯ ಯಾರಿಗೂ ತಿಳಿಯಬಾರದೆಂದು ಕಟ್ಟಪ್ಪಣೆ ಮಾಡಿದರು. ಇದಕ್ಕೆ ಬೈಬಲ್ ಪಂಡಿತರು ಬೇರೆ ಕಾರಣಗಳನ್ನು ಕೊಡುತ್ತಾರೆ. ನನಗೆ ಇದರಲ್ಲಿ ಆ ಹುಡುಗಿಯ ಬಗೆಗಿನ ಗೌರವವೂ ಕಾಣುತ್ತದೆ. ಅವಳು ನಾಳೆ ಬಾವಿಗೆ ನೀರಿಗೆ ಹೋಗಬೇಕು, ಗೆಳತಿಯರೊಂದಿಗೆ ಆಡಬೇಕು. ಅವಳ ಕಾಯಿಲೆ ಊರಿನ ಕಥೆಯಾಗಬಾರದು.

ಮಗಳು ಗುಟ್ಟಾಗಿ ಹೇಳಿದ್ದನ್ನು ತಾಯಿ ಚಿಕ್ಕಮ್ಮನಿಗೆ ಹೇಳಿ, ಚಿಕ್ಕಮ್ಮ ಪ್ರಾರ್ಥನಾ ಕೂಟದಲ್ಲಿ 'ವಿಶೇಷ ಕೋರಿಕೆ' ಎಂದು ಹೇಳಿ, ಭಾನುವಾರದೊಳಗೆ ಇಡೀ ಧರ್ಮಕೇಂದ್ರಕ್ಕೆ ತಿಳಿಯುವುದುಂಟು. ಆಮೇಲೆ ಅವಳು ಯಾರಲ್ಲೂ ಬಾಯಿ ಬಿಡುವುದಿಲ್ಲ. ಆದರೆ ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಮಗಳ ಮಾನ ಕಾಯುವ ಮೌನ ಬೇರೆ, ಅಪರಾಧಿಯನ್ನು ಕಾಯುವ ಮೌನ ಬೇರೆ. ಮೊದಲನೆಯದು ಪ್ರೀತಿ, ಎರಡನೆಯದು ಪಾಪ. ಹಾಗೆಯೇ ಅವಳ ಜೀವಕ್ಕೆ ಅಪಾಯವಿದೆ ಎಂದಾದಾಗ, ಗುಟ್ಟು ಎಂದು ಸುಮ್ಮನಿರದೆ ಕೂಡಲೇ ಹೆತ್ತವರಿಗೂ ವೈದ್ಯರಿಗೂ ತಿಳಿಸಬೇಕು.

ಪ್ರಾರ್ಥನೆಯೂ ವೈದ್ಯರೂ

"ವಿಶ್ವಾಸವಿದ್ದವರಿಗೆ ಖಿನ್ನತೆ ಬರುತ್ತದೆಯೇ?" ಎಂದು ಕೆಲವರು ಕೇಳುತ್ತಾರೆ. ಬಾಲಯೇಸುವಿನ ಸಂತ ತೆರೇಸಮ್ಮನವರ ಮನೆಯನ್ನು ನೋಡಿ. ತೆರೇಸ ನಾಲ್ಕೂವರೆ ವರ್ಷದವಳಿದ್ದಾಗ, 1877ರಲ್ಲಿ, ತಾಯಿ ತೀರಿಕೊಂಡರು. ನಗುನಗುತ್ತಿದ್ದ ಮಗು ಅಳುಬುರುಕಿಯಾಯಿತು. ತಾಯಿಯಂತೆ ಸಾಕಿದ ಅಕ್ಕ ಕಾರ್ಮೆಲ್ ಮಠ ಸೇರಿದ ಮೇಲೆ, 1883ರಲ್ಲಿ ವಾರಗಟ್ಟಲೆ ವಿಚಿತ್ರ ಕಾಯಿಲೆಯಿಂದ ನರಳಿದಳು. ಮುಂದೆ ಪ್ರತಿಯೊಂದೂ ಪಾಪವೆಂದು ಹೆದರುವ ಸಂಶಯದ ಕಾಟ ಒಂದು ವರ್ಷಕ್ಕೂ ಮಿಕ್ಕಿ ಕಾಡಿತು. ಆಕೆಯ ತಂದೆ ಲೂಯಿ ಮಾರ್ಟಿನ್ 1889ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಿ ಮೂರು ವರ್ಷ ಅಲ್ಲಿದ್ದರು. ಊರವರು ಆಡಿಕೊಂಡರು. ಇಂದು? ತೆರೇಸಮ್ಮ 1997ರಿಂದ ಧರ್ಮಸಭೆಯ ಮಹಾಪಂಡಿತೆ. ತಂದೆ ಲೂಯಿ ಮತ್ತು ತಾಯಿ ಝೆಲಿ 2015ರಲ್ಲಿ ಸಂತ ಪದವಿಗೇರಿದರು. ಮನಸ್ಸಿನ ಕಾಯಿಲೆ ಪಾಪದ ಗುರುತಲ್ಲ, ವಿಶ್ವಾಸದ ಕೊರತೆಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮಗಳು ಎರಡು ವಾರಕ್ಕೂ ಮಿಕ್ಕಿ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಗೆಳತಿಯರನ್ನು ಬಿಟ್ಟು ಕೋಣೆ ಸೇರಿದ್ದರೆ, ತನ್ನಿಂದ ಯಾರಿಗೂ ಪ್ರಯೋಜನವಿಲ್ಲ, ಬದುಕು ಸಾಕು ಎಂಬಂಥ ಮಾತಾಡಿದರೆ ತಡಮಾಡಬೇಡಿ. ಅವಳನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ, ಹೊತ್ತ ಭಾರ ಇಳಿಸಲು ಅವಳಿಗೆ ದಾರಿಯಾಗುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ನಾಲ್ಕು ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮಗಳನ್ನು ಈ ರೀತಿ ಕಳೆದುಕೊಂಡ ಹೆತ್ತವರೂ ಇದನ್ನು ಓದುತ್ತಿರಬಹುದು. ಅವರಿಗೊಂದು ಮಾತು. ತೀವ್ರ ಮಾನಸಿಕ ಕ್ಷೋಭೆ ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸುತ್ತದೆಂದೂ, ಹೀಗೆ ಸತ್ತವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ (2282-2283). ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಆ ಮನೆಯತ್ತ ಬೆರಳು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಎಲಿಜಬೇತಳ ಮನೆ

ದೇವದೂತನ ಸಂದೇಶ ಕೇಳಿದ ಮೇಲೆ ಮರಿಯ ಏನು ಮಾಡಿದಳು? ಎದ್ದು, ಬೆಟ್ಟದ ಸೀಮೆಗೆ ಅವಸರದಿಂದ ನಡೆದು, ಬಂಧುವಾದ ಎಲಿಜಬೇತಳ ಮನೆ ಸೇರಿದಳು. ಅಲ್ಲಿ ಸಿಕ್ಕಿದ್ದು ವಿಚಾರಣೆಯಲ್ಲ, ಆಶೀರ್ವಾದ. ಮೂರು ತಿಂಗಳ ಕಾಲ ಒಂದು ಆಸರೆ. ದೊಡ್ಡ ಮಾತನ್ನು ಹೊತ್ತ ಕಿರಿಯಳಿಗೆ ಹಿರಿಯಳೊಬ್ಬಳು ಬೇಕು. ಪ್ರತಿ ಧರ್ಮಕೇಂದ್ರದಲ್ಲೂ, ಪ್ರತಿ ಕಿರಿಯ ಕ್ರೈಸ್ತ ಸಮುದಾಯದಲ್ಲೂ ಹುಡುಗಿಯರು ಹೋಗಿ ಮನಬಿಚ್ಚಿ ಮಾತಾಡಬಹುದಾದ ಒಬ್ಬ ಎಲಿಜಬೇತ್ ಇರಲಿ: ಒಬ್ಬ ಶಿಕ್ಷಕಿ, ಒಬ್ಬ ದಾದಿ, ಒಬ್ಬ ಕನ್ಯಾಸ್ತ್ರೀ, ಇಲ್ಲವೇ ನೆರೆಮನೆಯ ಒಬ್ಬ ಅಜ್ಜಿ. ಅಂಥವರಾಗಲು ವಿದ್ಯೆಗಿಂತ ಮೊದಲು ಬೇಕಾದದ್ದು ಮುಚ್ಚಿದ ಬಾಯಿ, ತೆರೆದ ಕಿವಿ.

ಕುಟುಂಬ ಪ್ರಾರ್ಥನೆಯ ವೇಳೆ ಚಿಂತನೆಗೆ

1. ಈ ವಾರ ನಮ್ಮ ಮಗಳು ತನ್ನ ಮನಸ್ಸಿನ ಮಾತೊಂದನ್ನು ನಮ್ಮಲ್ಲಿ ಹೇಳಿಕೊಂಡಳೇ? ಇಲ್ಲವಾದರೆ ಏಕೆ?

2. ಅವಳ ಬಣ್ಣ, ಮೈಕಟ್ಟು, ಅಂಕಗಳ ಬಗ್ಗೆ ಬಂಧುಗಳು ಆಡಿಕೊಂಡಾಗ ನಾವು ಅವಳ ಪಕ್ಷ ನಿಂತೆವೇ, ನಗುವವರ ಜೊತೆ ನಕ್ಕೆವೇ?

3. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ?

ಈ ವಾರದ ಸಂಕಲ್ಪ ಒಂದೇ. ಮಗಳೊಂದಿಗೆ ಹದಿನೈದು ನಿಮಿಷ, ಫೋನಿಲ್ಲದೆ, ಉಪದೇಶವಿಲ್ಲದೆ ಕೂತುಕೊಳ್ಳಿ.

ಮುಗಿಸುವ ಮುನ್ನ, ಅಂದು ಬಾಗಿಲಲ್ಲಿ ನಿಂತು ನೀನು ಕೇಳಿದ ಪ್ರಶ್ನೆಗೆ ಇಂದು ಉತ್ತರ ಕೊಡುತ್ತೇನೆ, ಮಗಳೇ. ಅದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡ ಬೇರೆ ಹುಡುಗಿಯರೂ ಕೇಳಿಸಿಕೊಳ್ಳಲಿ. ಇಲ್ಲ, ಅದು ಪಾಪವಲ್ಲ. ನಿದ್ದೆ ಬಾರದ ರಾತ್ರಿ ಪಾಪವಲ್ಲ, ಕಾರಣ ಗೊತ್ತಿಲ್ಲದ ಅಳು ಪಾಪವಲ್ಲ. ಪ್ರಾರ್ಥಿಸಲಾಗದೆ ದೇವರ ಮುಂದೆ ಸುಮ್ಮನೆ ಕೂತು ಅತ್ತದ್ದೂ ಪ್ರಾರ್ಥನೆಯೇ. ಒಳಗೆ ಬಾ, ಕೂತುಕೋ. ಮೊದಲು ಏನಾದರೂ ತಿನ್ನು. ಆಮೇಲೆ ಮಾತಾಡೋಣ.

ಪ್ರಾರ್ಥನೆ: ಯಾಯೀರನ ಮನೆಗೆ ನಡೆದುಬಂದ ಪ್ರಭುವೇ, ನಮ್ಮ ಮನೆಗೂ ಬನ್ನಿ. ನಮ್ಮ ಹೆಣ್ಣುಮಕ್ಕಳ ಕೈ ಹಿಡಿಯಿರಿ. ಅವರನ್ನು ನೋಡಿ ನಗುವ ನಮ್ಮ ನಾಲಿಗೆಯನ್ನು ಶುದ್ಧಗೊಳಿಸಿ, ಅವರ ಮಾತಿಗೆ ನಮ್ಮ ಕಿವಿಗಳನ್ನು ತೆರೆಯಿರಿ. ಮಾತೆ ಮರಿಯಮ್ಮನವರೇ, ನಮ್ಮ ಮಗಳಂದಿರಿಗಾಗಿ ಪ್ರಾರ್ಥಿಸಿರಿ. ಆಮೆನ್.